ಗಂಧದ ಪಕ್ಕದ ತೊಗರಿ

ಬೆಂಗಳೂರಿನ ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿದ್ದ ಕಾಲ. ಅದರಾಚೆ ಬೋಳಾಗಿದ್ದ ಚಿಕ್ಕಲಸಂದ್ರದ ದಿಣ್ಣೆಯನ್ನು ಮತ್ತೆ ಕಾಡು ಮಾಡುವ ಕೆಲಸಕ್ಕೆ ನಾನು ಗುಮಾಸ್ತ. ನಮ್ಮ ಸಾಹೇಬರು ಕಚೇರಿಯಲ್ಲೇ ಕೂತು ಅಲ್ಲಿ ಶ್ರೀಗಂಧ ನೆಡಿಸಿದರು. "ಗಂಧ ಬಿಟ್ಟು ಇನ್ನೊಂದು ಕಡ್ಡಿ ಕಂಡರೂ ಕೀಳಿಸ್ರೀ" ಅಂದರು. ಕೀಳಿಸಿದೆ. ಸಸಿಗಳು ಕಾಮಾಲೆ ಬಂದವರ ಹಾಗೆ ಹಳದಿ ತಿರುಗಿ ಸಾಯತೊಡಗಿದವು.

ಪಕ್ಕದ ಹೊಲದ ಮುನಿಯಪ್ಪ ನೋಡಿ ನಕ್ಕ. "ಏನ್ ಸ್ವಾಮಿ, ಗಂಧಾನ ಉಪವಾಸ ಕೆಡವಿದ್ದೀರಲ್ಲ? ಅದು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಬದುಕೋ ಜಾತಿ. ಒಂದೊಂದರ ಪಕ್ಕ ನಾಲ್ಕು ತೊಗರಿ ಕಾಳು ಊರಿ."

ನಾನು ಕಚೇರಿಗೆ ಬಂದು ಇದನ್ನು ಹೇಳಿದಾಗ ಸಾಹೇಬರ ಮುಖ ಕೆಂಪಾಯಿತು. "ಗಂಧ ಅಂದ್ರೆ ಸರ್ಕಾರದ ಸ್ವತ್ತು ಕಣ್ರೀ! ಅದು ಹೋಗಿ ತೊಗರಿ ಗಿಡದ ಮುಂದೆ ಕೈ ಚಾಚುತ್ತಾ? ಹಾಗಂತ ಫೈಲಲ್ಲಿ ಬರೆಯೋಕಾಗುತ್ತಾ?"

ಬರೆಯಲಿಲ್ಲ. ಮುನಿಯಪ್ಪನೂ ನಾನೂ ಸೇರಿ ಉಳಿದ ಸಸಿಗಳ ಪಕ್ಕ ಸದ್ದಿಲ್ಲದೆ ತೊಗರಿ ಊರಿದೆವು. ಸಾಹೇಬರು ದಿಣ್ಣೆ ಹತ್ತುವವರಲ್ಲ, ಅದೇ ನಮ್ಮ ಧೈರ್ಯ. ಮಳೆಗಾಲ ಮುಗಿಯುವಷ್ಟರಲ್ಲಿ ಗಂಧ ಹಸಿರಾಗಿ ಮೊಣಕಾಲೆತ್ತರ ನಿಂತಿತು.

ಮೇಲಿನವರು ವರದಿ ಕೇಳಿದರು. ಕಳೆ ಕೀಳಿಸಿದ್ದರಿಂದಲೇ ಗಂಧ ಚಿಗುರಿತು ಎಂದು ಸಾಹೇಬರು ನನ್ನ ಕೈಲೇ ಬರೆಸಿ, ತಾವು ರುಜು ಹಾಕಿ, ಬಡ್ತಿ ಪಡೆದರು. ವರದಿಯಲ್ಲಿ ತೊಗರಿಯ ಹೆಸರಿರಲಿಲ್ಲ. ಮುನಿಯಪ್ಪನದೂ ಇರಲಿಲ್ಲ, ನನ್ನದೂ ಇರಲಿಲ್ಲ.

ಗಂಧ ಹೇಗೆ ಬೆಳೆಯುತ್ತದೆ ಅಂತ ಸಾಹೇಬರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.