ಸುಮಿತ್ರಾಬಾಯಿಯ ಕೈಗುಣ

"ಎಲ್ಲಾ ನಾನೇ ಕೊಟ್ಟೇನ್ರಿ, ಡಾಕ್ಟರಬಾಯಾರ. ಬ್ಯಾರೆಯವ್ರ ಕೈಲೆ ಆಕಿ ಗುಳಿಗಿ ತಗೊಳ್ಳಂಗೇ ಇಲ್ಲ. ನಮ್ಮ ಮನ್ಯಾವ್ರಿಗೆ ಹಲ್ಲು ಬಾತಾಗ ಹಲ್ಲಿನ ಡಾಕ್ಟರು ಬರಕೊಟ್ಟಿದ್ರಲ್ಲ, ಬಾವು ಇಳಿದ ಮ್ಯಾಲ ಉಳದಿದ್ವು, ಅವನ್ನ ಕೊಟ್ಟೆ. ಮಗನ ಗಂಟಲ ಬ್ಯಾನೀವೂ ಒಂದಿಷ್ಟಿದ್ವು. ಉರಿಮೂತ್ರ ಸುರು ಆತಂದ್ರ ನನಗ ಫೋನ್ ಹಚ್ತಾಳ, ನಾ ಬಸ್ ಹತ್ತಿ ಆಕಿ ಊರು ಕುಂಭಾರಿಗೆ ಹೋಗಿ ಕೊಟ್ಟು ಬರ್ತೀನಿ. ಒಂದೆರಡು ಒಳಗ ಬಿದ್ವಂದ್ರ ಉರಿ ಹೋಗ್ತದ. ಹೋದ ಮ್ಯಾಲ ಸುಮ್ನ ಯಾಕ ನುಂಗಬೇಕು, ಮೈಗೆ ಉಷ್ಣ! ಬಂದ್ ಮಾಡು ಅಂತೀನಿ, ಉಳದದ್ದು ಮುಂದಿನ ಸಲಕ್ಕ ಇಡ್ತೀನಿ. ಬೇಕಾದ್ರ ನಮ್ಮ ಓಣ್ಯಾಗ ಕೇಳ್ರಿ, ಸುಮಿತ್ರಾಬಾಯಿ ಕೈಗುಣ ಅಂತಾರ. ನೆಗಡಿ, ಕೆಮ್ಮು, ಹೊಟ್ಟಿ ಕೆಟ್ಟಿದ್ದು, ಎಲ್ಲಾ ನನ್ನ ಕೈಲೆ ಹೋಗ್ಯಾವು. ಈ ಸಲ ಯಾಕೋ ಹೋಗವಲ್ದು. ನೀವು ಒಂದು ಚಲೋ ಗುಳಿಗಿ ಹೇಳ್ರಿ, ನಾನೇ ನುಂಗಸ್ತೀನಿ."

ಸೋಲಾಪುರದ ದವಾಖಾನೆಯೊಂದರ ಪಡಸಾಲೆಯ ಬಾಕಿನ ಮೇಲೆ ಕುಳಿತು ಸುಮಿತ್ರಾಬಾಯಿ ಹೀಗೆ ಹೇಳಿದಳು. ಒಳಗೆ ಅವಳ ತಂಗಿ ಗುರಮ್ಮ ಚಳಿಜ್ವರದಲ್ಲಿ ನಡುಗುತ್ತ, ಮಾತು ತೊದಲುತ್ತ ಮಲಗಿದ್ದಳು. ಇಷ್ಟು ದಿನ ಏನೇನು ಔಷಧ ತಗೊಂಡಾಳ ಎಂದಷ್ಟೇ ಡಾಕ್ಟರು ಕೇಳಿದ್ದು. ಮೊಮ್ಮಗ ಪಾಸಾದ ಸುದ್ದಿ ಹೇಳುವವಳ ಹಾಗೆ ಸುಮಿತ್ರಾಬಾಯಿ ಮುಖ ಅರಳಿಸಿಕೊಂಡು ಹೇಳಿದಳು. ಬರೆಯುತ್ತಿದ್ದ ಡಾಕ್ಟರು ಪೆನ್ನು ನಿಲ್ಲಿಸಿ ಅವಳನ್ನೇ ನೋಡಿದರು.

ಸುಮಿತ್ರಾಬಾಯಿಯ ಗಂಡ ಕಲ್ಯಾಣಪ್ಪನದು ನವಿ ಪೇಠದಲ್ಲಿ ಕುಪ್ಪಸದ ಕಣದ ಅಂಗಡಿ. ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯ ಇಂದುಬಾಯಿಗೆ ನೆಗಡಿ ಏರಿ ತಲೆ ಎತ್ತಲಾಗದಂತಾದಾಗ, ಮನೆಯಲ್ಲಿ ಉಳಿದಿದ್ದ ಗುಳಿಗೆ ಕೊಟ್ಟಿದ್ದಳು. ಇಂದುಬಾಯಿ ಎದ್ದು ಓಡಾಡಿದಳು, ಓಡಾಡಿದಲ್ಲೆಲ್ಲ ಹೇಳಿದಳು. ಅಲ್ಲಿಂದ ಕೂಸು ಕೆಮ್ಮಿದರೂ ಜನ ಮೊದಲು ಈ ಬಾಗಿಲಿಗೇ ಬರುವುದು.

"ನನ್ನ ಗಿರಾಕಿಗಿಂತ ನಿನ್ನ ಗಿರಾಕಿನ ಹೆಚ್ಚಾದ್ರಲ್ಲ" ಎಂದು ಕಲ್ಯಾಣಪ್ಪ ಚೇಷ್ಟೆ ಮಾಡುತ್ತಿದ್ದ.

"ನನ್ನ ಗಿರಾಕಿ ಚೌಕಾಶಿ ಮಾಡಂಗಿಲ್ರಿ" ಎನ್ನುತ್ತಿದ್ದಳು ಇವಳು.

ಗುರಮ್ಮನಿಗೋ ಅಕ್ಕ ಕೊಟ್ಟಿದ್ದೇ ಪ್ರಸಾದ. ಅಂಥ ಜಾಗದ ಉರಿಯನ್ನು ಗಂಡಸು ಡಾಕ್ಟರನಿಗೆ ಹೇಗೆ ಹೇಳುವುದೆಂದು ನಾಚಿ ಸಾಯುತ್ತಿದ್ದಳು. "ಅಕ್ಕಾ, ನೀ ಸಾಲಿ ಬಿಟ್ಟಿದ್ದ ಚಲೋ ಆತು ನೋಡು. ಕಲತಿದ್ರ ನನಗೂ ಫೀ ಕೇಳತಿದ್ದಿ" ಎಂದು ನಗುತ್ತ ನುಂಗುತ್ತಿದ್ದಳು.

ಡಾಕ್ಟರು ಬಾಕಿನ ಮೇಲೆ ಪಕ್ಕದಲ್ಲೇ ಕುಳಿತು ಮೆಲ್ಲಗೆ ಹೇಳಿದರು. "ಮಾವಶಿ, ಉರಿ ಹೋಗಿತ್ತು, ಕ್ರಿಮಿ ಹೋಗಿದ್ದಿಲ್ಲ. ಹಲ್ಲಿಗೆ ಕೊಟ್ಟಿದ್ದು ಇದಕ್ಕ ನಡಿಯಂಗಿಲ್ಲ. ಅದನ್ನೂ ಅರ್ಧಕ್ಕ ಬಿಟ್ರಿ. ಸೊರಗಿದ್ವು ಸತ್ವು, ಗಟ್ಟಿ ಇದ್ವು ಉಳದು ಬೆಳದ್ವು. ಪ್ರತಿ ಸಲಾನೂ ಹಂಗ ಆಗೇದ. ಈಗ ನಾವು ಹಾಕೋ ಔಷಧಕ್ಕ ಅವು ಬಗ್ಗವಲ್ಲವು. ರಕ್ತಕ್ಕೂ ಏರ್ಯಾವು."

"ಹಂಗಾದ್ರ ಓಣಿ ಮಂದಿಗೆ ಹೆಂಗ ಗುಣ ಆತ್ರಿ?"

"ನೆಗಡಿ ತಾನಾಗೇ ಹೋಗೋದಿತ್ತು, ಮಾವಶಿ. ನೀವು ಏನೂ ಕೊಡದಿದ್ರೂ ಹೋಗತಿತ್ತು."

ಸುಮಿತ್ರಾಬಾಯಿ ಎದ್ದು ಒಳಗೆ ತಂಗಿಯ ಮಗ್ಗುಲಿಗೆ ಹೋಗಿ ಕುಳಿತಳು. ಗುರಮ್ಮ ಬೆಳಗಾಗುವ ಹೊತ್ತಿಗೆ ಹೋಗಿಬಿಟ್ಟಳು.

ಯಾರಾದರೂ ಬೈಯಲಿ ಎಂದು ಸುಮಿತ್ರಾಬಾಯಿ ಕಾದಳು. ಯಾರೂ ಬೈಯಲಿಲ್ಲ. "ಆಕಿ ಆಯುಷ್ಯನ ಅಷ್ಟಿತ್ತು, ನಿನ್ನ ಕೈ ಏನು ಮಾಡೀತು?" ಎಂದು ಇಂದುಬಾಯಿ ಅತ್ತಳು. ದಿನಕರ್ಮ ಮುಗಿದು ಕೆಲವು ವಾರಗಳಾದ ಮೇಲೆ ಗುರಮ್ಮನ ಗಂಡ ಸಿದ್ದಣ್ಣ ಮೊಮ್ಮಗಳು ಸ್ನೇಹಲಳನ್ನು ಎತ್ತಿಕೊಂಡು ಕುಂಭಾರಿಯಿಂದ ಬಂದ. ಮಗುವಿಗೆ ಮೂಗು ಸೋರುತ್ತಿತ್ತು.

"ಅಕ್ಕಾರ, ಒಂದು ಅರ್ಧಾ ಗುಳಿಗಿ ಕೊಡ್ರಿ. ನಿಮ್ಮ ಕೈಲೆ ಹಾಕಿದ್ರ ಇಳೀತದ."

ಸುಮಿತ್ರಾಬಾಯಿ ಗುಳಿಗೆಯ ಖಾಲಿ ಡಬ್ಬಿ ತೆರೆದು ತೋರಿಸಿದಳು. "ನನ್ನ ಹತ್ರ ಇಲ್ಲೋ ಸಿದ್ದಣ್ಣಾ. ಎಲ್ಲಾ ಮೆಡಿಕಲ್‌ನವನ ಕೈಯಾಗ ಕೊಟ್ಟು ಬಂದೀನಿ. ಇದ್ರೂ ಕೊಡತಿದ್ದಿಲ್ಲ."

ಸಿದ್ದಣ್ಣನ ಮುಖ ಬಾಡಿತು. "ಆಕಿ ಹೋದ್ಲಂತ ನಂಟೂ ಹೋತೇನ್ರಿ? ಇರಲಿ, ಅಂಗಡ್ಯಾಗ ಹಣ ಕೊಟ್ರ ಕೊಡ್ತಾರ" ಎಂದು ಎದ್ದ. ಅವನು ಚಪ್ಪಲಿ ಮೆಟ್ಟುವುದರೊಳಗೆ ಸುಮಿತ್ರಾಬಾಯಿ ಕೂಸನ್ನು ಅವನ ಬಗಲಿಂದ ಕಸಿದುಕೊಂಡು ಮುಂದೆ ನಡೆದೇ ಬಿಟ್ಟಳು. ದವಾಖಾನೆಯ ಮೆಟ್ಟಿಲು ಹತ್ತುವವರೆಗೂ ನಿಲ್ಲಲಿಲ್ಲ.

ಅದೇ ಡಾಕ್ಟರು ಸ್ನೇಹಲಳ ಎದೆ ನೋಡಿದರು, ಗಂಟಲು ನೋಡಿದರು. "ಬರೇ ನೆಗಡಿ. ಇದಕ್ಕ ಆ ಗುಳಿಗಿ ಬ್ಯಾಡ. ಬಿಸಿ ಬಿಸಿ ಗಂಜಿ ಕುಡಸ್ರಿ. ಉಸಿರು ಜೋರಾತು, ಜ್ವರ ಬಿಡಲಿಲ್ಲ, ಇಲ್ಲಾ ಹಾಲು ನೀರು ಮುಟ್ಟಲಿಲ್ಲ ಅಂದ್ರ ಕೂಡ್ಲೆ ಕರಕೊಂಡು ಬರ್ರಿ" ಎಂದರು.

"ಡಾಕ್ಟರಬಾಯಿ ಬರಿಗೈಲೆ ಕಳಿಸಿದ್ಲಲ್ಲ" ಎಂದು ಸಿದ್ದಣ್ಣ ದಾರಿಯಲ್ಲಿ ಗೊಣಗಿದ. ಸ್ವಲ್ಪ ದೂರ ಬಂದು ನಿಂತ. "ಅಕ್ಕಾರ, ಹಂಗಾದ್ರ ಗುರಮ್ಮನ್ನ ಮೊದಲ ಸಲಾನ ಇಲ್ಲಿ ತಂದಿದ್ರ?"

ಆಯುಷ್ಯ, ಹಣೆಬರಹ, ಇಂದುಬಾಯಿ ಹೇಳಿದ್ದ ಮಾತೆಲ್ಲ ಸುಮಿತ್ರಾಬಾಯಿಯ ನಾಲಿಗೆಯ ತುದಿಗೆ ಬಂತು. ಅವನ್ನೆಲ್ಲ ನುಂಗಿಕೊಂಡಳು.

"ತಂದಿದ್ರ ಉಳೀತಿದ್ಲೋ ಏನೋ ಸಿದ್ದಣ್ಣಾ. ನಾ ತರಗೊಡಲಿಲ್ಲ."

ಸಿದ್ದಣ್ಣ ಅವಳ ಮುಖ ನೋಡಿದ. ಆಮೇಲೆ ಮನೆ ಮುಟ್ಟುವವರೆಗೂ ನೋಡಲಿಲ್ಲ. ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕುಳಿತ. ಚಹಾ ತಂದಿಟ್ಟರೆ ಅದು ಅಲ್ಲೇ ಆರಿತು.

ಕೂಸು ಹಸಿದು ಸಣ್ಣಗೆ ರಾಗ ಎಳೆಯತೊಡಗಿತು. ಸುಮಿತ್ರಾಬಾಯಿ ಸೆರಗಿನಿಂದ ಅದರ ಮೂಗು ಒರೆಸಿ ತೊಡೆಯ ಪಕ್ಕ ಕೂರಿಸಿಕೊಂಡಳು. ಗಂಜಿಗೆಂದು ಮೊರದಲ್ಲಿ ಒಂದು ಹಿಡಿ ನುಚ್ಚಕ್ಕಿ ಹರವಿ, ಕಣ್ಣು ಮಂಜಾದಾಗೊಮ್ಮೆ ಒರೆಸಿಕೊಂಡು, ಹರಳು ಆರಿಸತೊಡಗಿದಳು.