ಹತ್ತು ದಿನದ ಡಿಸ್ಕು

ಶಿವಾಜಿನಗರದ ನಮ್ಮ ಕ್ಯಾಮೆರಾ ಅಂಗಡಿಗೆ ಆ ಫೋನು ಬಂದಾಗ ಮಧ್ಯಾಹ್ನ ಮೂರು ಗಂಟೆ. ಮಾತಾಡಿದವರು ಮಹದೇವಪುರದ ಅಪಾರ್ಟ್‌ಮೆಂಟೊಂದರ ಸೆಕ್ರೆಟರಿ. ಹತ್ತು ದಿನದ ಹಿಂದೆ, ಮೂರೂವರೆ ಸುಮಾರಿಗೆ ಅಲ್ಲಿ ಸೈಕಲ್ ಕಳುವಾಗಿತ್ತು. ಕಳ್ಳನ ಹಿಂದೆ ತಿರುವಿನವರೆಗೂ ಓಡಿದೆ, ಸಿಗಲಿಲ್ಲ ಎಂದು ವಾಚ್‌ಮನ್ ಅವತ್ತೇ ಹೇಳಿದ್ದರಂತೆ. ಊರಿನಿಂದ ಇವತ್ತು ವಾಪಸಾದ ಸೈಕಲ್ಲಿನ ಮನೆಯವರು ನಂಬುತ್ತಿಲ್ಲ.

"ಟೀ ಕುಡಿಯೋಕೆ ಹೋಗಿದ್ದ ಅನ್ಸುತ್ತೆ. ನಾಲ್ಕಕ್ಕೆ ಬಂದು ರೆಕಾರ್ಡಿಂಗ್ ತೋರ್ಸಿ. ಸುಳ್ಳಾಗಿದ್ರೆ ಇವತ್ತೇ ಕೆಲ್ಸದಿಂದ ತೆಗೀತೀನಿ" ಎಂದರು.

ಫೋನಿಟ್ಟೆ. ತಿಂಗಳ ಹಿಂದೆ ಅಲ್ಲಿಗೆ ಹೈಬ್ರಿಡ್ ರೆಕಾರ್ಡರ್ ಹಾಕಿದವನು ನಾನೇ. ಹಳೆಯ ಅನಲಾಗ್ ಕ್ಯಾಮೆರಾಗಳನ್ನೂ ಗೇಟಿನ ಹೊಸ ಎಚ್‌ಡಿ ಕ್ಯಾಮೆರಾವನ್ನೂ ಒಂದೇ ಡಬ್ಬಿಗೆ ಸೇರಿಸಿ, "ಒಂದು ತಿಂಗಳಿಂದು ಇರುತ್ತೆ ಸಾರ್" ಎಂದು ಜಂಭ ಕೊಚ್ಚಿ ಬಂದಿದ್ದೆ. ಒಳಗಿಟ್ಟದ್ದು ಹಳೆಯ ಚಿಕ್ಕ ಡಿಸ್ಕು. ಎಚ್‌ಡಿ ಚಿತ್ರ ಎಷ್ಟು ಜಾಗ ತಿನ್ನುತ್ತದೆಂದು ಲೆಕ್ಕ ಹಾಕಲು ಸೋಮಾರಿತನ! ಈಗ ಹಾಕಿದೆ. ಹತ್ತೇ ದಿನ. ಅದು ತುಂಬಿದರೆ ರೆಕಾರ್ಡರ್ ಹಳೆಯದನ್ನು ಅಳಿಸುತ್ತಾ ಹೊಸದನ್ನು ತುಂಬಿಕೊಳ್ಳುತ್ತದೆ. ಅಂದರೆ ಕಳ್ಳತನದ ಚಿತ್ರ ಇವತ್ತು ಮೂರೂವರೆಗೆ ಅಳಿಸಿಹೋಗುತ್ತದೆ.

ಬೈಕ್ ಹತ್ತಿದೆ. ಹಲಸೂರಿನಲ್ಲಿ ನಿಲ್ಲಿಸಿ ಸೆಕ್ರೆಟರಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಗೇಟಿನ ಫೋನಿಗೆ ಮಾಡಿದೆ.

"ಯಜಮಾನ್ರೇ, ರೂಮಲ್ಲಿರೋ ರೆಕಾರ್ಡರ್ ಪ್ಲಗ್ ಕಿತ್ಬಿಡಿ! ಇಲ್ದಿದ್ರೆ ಅವತ್ತಿಂದು ಅಳಿಸಿಹೋಗುತ್ತೆ."

ವಾಚ್‌ಮನ್ ಗುಲ್ಬರ್ಗ ಕಡೆಯವರು, ನನ್ನ ಅಪ್ಪನ ವಯಸ್ಸು. "ನಾ ಮುಟ್ಟಂಗಿಲ್ರೀ ಸರ್. ನಾನೇ ಅಳಿಸೀನಿ ಅಂತಾರ. ನೀವ ಲಗೂನ ಬರ್ರಿ."

"ಅಯ್ಯೋ, ನಾನೇ ಹೇಳ್ತಿದೀನಲ್ರೀ!"

"ಬ್ಯಾಡ್ರೀ. ಬಾಗಿಲಾಗ ಕುಂತಿರ್ತೀನಿ, ಯಾರನ್ನೂ ಒಳಗ ಬಿಡಂಗಿಲ್ಲ."

ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸುಗಳ ನಡುವೆ ಸಿಕ್ಕಿಕೊಂಡೆ. ಹಾರ್ನ್ ಒತ್ತಿದೆ, ಬೈದೆ, ಗಡಿಯಾರ ನೋಡಿದೆ, ಮತ್ತೆ ಬೈದೆ. ಬೈಸಿಕೊಳ್ಳಬೇಕಾದವನು ನಾನು.

ತಲುಪಿ ರೆಕಾರ್ಡಿಂಗ್ ನಿಲ್ಲಿಸಿದಾಗ ಅದರಲ್ಲಿ ಉಳಿದಿದ್ದ ಅತಿ ಹಳೆಯ ಚಿತ್ರ ಅವತ್ತಿನ ಮೂರು ಮೂವತ್ತನಾಲ್ಕರದು. ಖಾಲಿ ಗೇಟು. ಮರುಕ್ಷಣ ವಾಚ್‌ಮನ್ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹೊರಗಿನಿಂದ ಬಂದರು. ಟವೆಲ್ಲಿನ ಅಂಚಿನ ಗೆರೆ ಕೂಡ ಸ್ಪಷ್ಟವಾಗಿತ್ತು.

"ನೋಡಿದ್ರಾ? ಆರಾಮಾಗಿ ಟೀ ಕುಡ್ಕೊಂಡ್ ಬರ್ತಿದಾನೆ" ಎಂದರು ನಾಲ್ಕಕ್ಕೆ ಬಂದು ನೋಡಿದ ಸೆಕ್ರೆಟರಿ.

"ಸಾರ್, ತಪ್ಪು ನಂದು. ಇವ್ರು ಕಳ್ಳನ ಹಿಂದೆ ಓಡಿದ್ದು ಇದಕ್ಕೆ ಮುಂಚೆ. ಅದು ಅಳಿಸಿಹೋಗಿದೆ, ಡಿಸ್ಕ್ ಚಿಕ್ಕದಾಯ್ತು..."

"ನಿಮ್ಮ ಡಿಸ್ಕ್ ವಿಷ್ಯ ಆಮೇಲೆ. ಗೇಟಲ್ಲಿ ಇವನಿರ್ಲಿಲ್ಲ, ಕಣ್ಣಾರೆ ನೋಡಿದ್ನಲ್ಲ." ಯೂನಿಫಾರ್ಮ್ ಬಿಚ್ಚಿಟ್ಟು ಹೋಗು ಎಂದು ವಾಚ್‌ಮನ್ನಿಗೆ ಹೇಳಿ ಹೊರಟೇಬಿಟ್ಟರು.

ಯಜಮಾನರು ಪರದೆಯ ಹತ್ತಿರ ಬಗ್ಗಿದರು. "ಸರ್, ಇನ್ನೊಂದು ನಿಮಿಷ ಹಿಂದ ಹೋಗಂಗಿಲ್ಲೇನ್ರೀ?"

ಹೋಗುವುದಿಲ್ಲವೆಂದು ಗೊತ್ತಿದ್ದೂ ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಪ್ರತಿ ಸಲವೂ ಖಾಲಿ ಗೇಟು, ಆಮೇಲೆ ಮುಖ ಒರೆಸಿಕೊಳ್ಳುತ್ತಾ ಬರುವ ಅವರು.