ಮಗುವನ್ನು ಮಡಿಲಿಗೆ ಕೊಟ್ಟ ಡಾಕ್ಟರಮ್ಮ

ಡಾಕ್ಟರಮ್ಮನ ಬೆರಳುಗಳು ಸದಾ ತಣ್ಣಗಿರುತ್ತಿದ್ದವು. ಹೊಟ್ಟೆ ಮುಟ್ಟಿ ನೋಡುವ ಮೊದಲು ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುವರು. ಆಮೇಲೆ ಬಲಗಡೆಯ ಪಕ್ಕೆಲುಬಿನ ಕೆಳಗೆ ಮೆಲ್ಲಗೆ ಒತ್ತಿ, "ಉಸಿರು ಎಳ್ಕೋ ಕಣ್ಣು" ಎನ್ನುವರು; 'ಕಣ್ಣು' ಎಂಬುದು ತಮಿಳಿನ ಮುದ್ದಿನ ಕರೆ. ಕೊಯಮತ್ತೂರಿನಲ್ಲೇ ಹುಟ್ಟಿ ಬೆಳೆದವರು. ಕನ್ನಡ ಓದಲು ಬಾರದು. ಮನೆಯಲ್ಲಿ ಆಡುವ ಮಾತಷ್ಟೇ, ಅದರಲ್ಲೂ ಅರ್ಧ ತಮಿಳು. ಆದರೂ ಮನೆಯಲ್ಲಿ ಕನ್ನಡ ಆಡುವ ನಮ್ಮಂಥವರು ಹೋದರೆ ಕನ್ನಡಕ್ಕೇ ತಿರುಗುವರು. "ನೋವನ್ನ ಮನೆ ಮಾತಲ್ಲಿ ಹೇಳಿ. ಆಗ್ಲೇ ನಂಗೆ ಸೆರಿಯಾ ಪುರಿಯೋದು, ಅರ್ಥ ಆಗೋದು."

ನಾನು ಅವರ ಬಳಿ ಹೋದಾಗ ನನ್ನ ಮಗಳಿಗೆ ವರ್ಷ ತುಂಬಿರಲಿಲ್ಲ. ಅವಿನಾಶಿಯ ತವರಿನಲ್ಲಿ ಬಾಣಂತನ ಮುಗಿಸಿ ಕುರಿಚಿಯ ಗಂಡನ ಮನೆಗೆ ಬಂದ ಹೊಸದರಲ್ಲಿ ಕಾಮಾಲೆ ಆಯಿತು. ನೀರಿನಿಂದ ಬಂದ ಹೆಪಟೈಟಿಸ್ ಎ, ತಾನಾಗಿ ಇಳಿಯುತ್ತದೆ ಎಂದರು ಹತ್ತಿರದ ಆಸ್ಪತ್ರೆಯಲ್ಲಿ. ಇಳಿಯಿತು ಕೂಡ. ಕೆಲವು ತಿಂಗಳಲ್ಲಿ ಕಣ್ಣು ಮತ್ತೆ ಹಳದಿಯಾಯಿತು. ಮನೆಯಲ್ಲಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದರು, ಪಥ್ಯ ಮಾಡಿಸಿದರು. ಸುಸ್ತು ಹೆಚ್ಚಿತೇ ಹೊರತು ಹಳದಿ ಹೋಗಲಿಲ್ಲ. ಅತ್ತೆ ನನಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟರು. ಮಗುವನ್ನು ಹತ್ತಿರ ಬಿಡಲಿಲ್ಲ. ಅದು ಪಕ್ಕದ ಕೋಣೆಯಲ್ಲಿ ಅಳುತ್ತಿದ್ದರೆ ನಾನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಅತ್ತೆ ಕೆಟ್ಟವರಲ್ಲ. ಅವರ ತಮ್ಮ ಹರೆಯದಲ್ಲೇ ಕಾಮಾಲೆಯಿಂದ ತೀರಿಕೊಂಡಿದ್ದ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಯಕೃತ್ತಿನ ಒಂದು ಚೂರನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಹೇಳುವ ದಿನ ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತರು.

"ಒಳಗೆ ಬನ್ನಿಮ್ಮಾ, ಯಾಕೆ ಅಲ್ಲೇ ನಿಂತ್ರಿ?"

"ಕೂಸಿಗೂ ಅಂಟ್ಕೊಂಡ್ರೆ?"

ಡಾಕ್ಟರಮ್ಮ ನಾನು ಅರ್ಧ ಕುಡಿದಿಟ್ಟಿದ್ದ ನೀರಿನ ಲೋಟವನ್ನೆತ್ತಿ, ತುಟಿ ಹಚ್ಚಿ, ಪೂರ್ತಿ ಕುಡಿದುಬಿಟ್ಟರು.

"ಅಯ್ಯೋ, ಎಂಜಲು!" ಎಂದರು ಅತ್ತೆ.

"ಎಂಜಲು ಮಾತ್ರ. ಇದ್ರಲ್ಲಿ ರೋಗ ಇಲ್ಲ. ಮೊದಲು ಬಂದ ವೈರಸ್ ಯಾವಾಗ್ಲೋ ಹೋಯ್ತು. ಇದು ಬೇರೆ. ಮನೆ ನಾಯಿ ಕಳ್ಳನ್ನ ಓಡಿಸ್ತು ಅಂತ ಇಟ್ಕೊಳ್ಳಿ. ಆಮೇಲೂ ಅದರ ವೆರಿ, ಆ ಹುಚ್ಚು ಇಳೀಲಿಲ್ಲ, ಮನೆಯವರನ್ನೇ ಕಚ್ತಾ ಇದೆ. ಇವಳ ಮೈಯೇ ಇವಳ ಲಿವರನ್ನ ಕಚ್ತಿದೆ. ನಾಯಿನ ಕೊಲ್ಲಕ್ಕಾಗಲ್ಲ, ಕಟ್ಟಿ ಹಾಕ್ಬೇಕು. ಅದಕ್ಕೆ ಮಾತ್ರೆ."

"ಹಾಗಾದ್ರೆ ಆ ಕಾಮಾಲೇನೇ ಇದನ್ನ ತಂತಾ?" ಎಂದು ನಾನು ಕೇಳಿದೆ.

"ಇರಬಹುದು. ಕೆಲವರಿಗೆ ಒಳಗೆ ಮಲಗಿರೋದನ್ನ ವೈರಸ್ ಬಂದು ಎಬ್ಬಿಸತ್ತೆ ಅಂತಾರೆ. ನಿನಗೆ ಹಾಗೇ ಆಯ್ತು ಅಂತ ಆಣೆ ಮಾಡಿ ಹೇಳಕ್ಕೆ ನಂಗೂ ತೆರಿಯಲ್ಲ, ಗೊತ್ತಿಲ್ಲ. ಆದ್ರೆ ನೀನೇನೂ ತಪ್ಪು ಮಾಡ್ಲಿಲ್ಲ, ಕಣ್ಣು."

ಎದ್ದು ಹೋಗಿ ಅತ್ತೆಯ ಕೈಯಿಂದ ಮಗುವನ್ನು ತೆಗೆದುಕೊಂಡು ನನ್ನ ಮಡಿಲಲ್ಲಿ ಕೂರಿಸಿದರು. ಮಗಳು ಮೊದಲು ಹೊಸಬರನ್ನು ನೋಡುವಂತೆ ನನ್ನನ್ನು ನೋಡಿದಳು. ಆಮೇಲೆ ನನ್ನ ಸೀರೆಯ ಅಂಚನ್ನು ಬಾಯಿಗೆ ಹಾಕಿಕೊಂಡಳು. ನಾನು ಅತ್ತುಬಿಟ್ಟೆ. ಅತ್ತೆಯೂ ಬಾಗಿಲಿಗೆ ಒರಗಿ ಅತ್ತರು.

ಗುಣವಾಗಲು ಬಹಳ ಕಾಲ ಹಿಡಿಯಿತು. ಸ್ಟೀರಾಯ್ಡ್ ಮಾತ್ರೆಗೆ ಮುಖ ಊದಿಕೊಂಡಿತು, ಕನ್ನಡಿ ನೋಡಲು ಬೇಸರ. "ಬಯ್ಯಬೇಕು ಅನ್ಸಿದ್ರೆ ನನ್ನ ಬಯ್ಯಿ. ಮಾತ್ರೆ ಬಿಡ್ಬೇಡ" ಎನ್ನುವರು. ನಾನು ಎಷ್ಟೋ ಸಲ ಮನಸ್ಸಿನಲ್ಲೇ ಬೈದಿದ್ದೇನೆ, ಮಾತ್ರೆ ಬಿಡಲಿಲ್ಲ. ನಿಧಾನವಾಗಿ ಡೋಸು ಇಳಿಸಿದರು, ಮುಖ ಮೊದಲಿನಂತಾಯಿತು. ಈಗಲೂ ದಿನಾ ಒಂದು ಸಣ್ಣ ಮಾತ್ರೆ ಇದೆ.

ಕಳೆದ ವರ್ಷ ಡಾಕ್ಟರಮ್ಮ ಹೃದಯಾಘಾತದಿಂದ ಹೋಗಿಬಿಟ್ಟರು. ಸುದ್ದಿ ಕೇಳಿ ಅತ್ತೆ ನನಗಿಂತ ಮೊದಲು ಹೊರಟು ನಿಂತರು. ಆ ಮನೆಯಲ್ಲಿ ನಮಗೆ ಯಾರ ಪರಿಚಯವೂ ಇರಲಿಲ್ಲ. ಅವರ ಯಜಮಾನರು ಕೈಮುಗಿದು, "ನೀವು ಯಾರು, ತಿಳೀಲಿಲ್ವೇ" ಎಂದರು.

ಅತ್ತೆ ಮೊಮ್ಮಗಳನ್ನು ಮುಂದಕ್ಕೆ ಕರೆದು ಹೇಳಿದರು: "ಈ ಕೂಸಿಗೆ ತಾಯಿನ ಉಳಿಸಿ ಕೊಟ್ಟಿದ್ದು ನಿಮ್ಮ ಮನೆಯವ್ರೇ."